ಶಾರ್ಕುಗಳಿಗಾಗಿ ಈಜಿದ ಭಾನುವಾರಗಳು

ನನ್ನ ಸೋದರಮಾವ ಆಫ್ರಿಕಾದ ಶಾರ್ಕುಗಳ ಬಗ್ಗೆ ಮೊದಲ ಸಲ ಹೇಳಿದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಆ ದಿನದ ತಾರೀಕು ನನ್ನ ಬಳಿ ಇಲ್ಲ, ಅದೊಂದು ಬೇಸರ. ನನ್ನ ದಿನಚರಿ ಶುರುವಾದದ್ದು ಮರುವರ್ಷ, ನೇತ್ರಾವತಿ ಬಂಟ್ವಾಳ ಪೇಟೆಯೊಳಗೆ ಬಂದ ಮಳೆಗಾಲದಲ್ಲಿ. ನದಿಗಿಳಿಯುವ ಮೆಟ್ಟಿಲುಗಳಲ್ಲಿ ಬೆಳಿಗ್ಗೆ ಎಷ್ಟು ಮುಳುಗಿವೆ, ಸಂಜೆ ಎಷ್ಟು ಎಂದು ಬರೆದಿಡುತ್ತಿದ್ದೆ. ನೀರು ಇಳಿದ ಮೇಲೂ ಬರೆಯುವುದು ನಿಲ್ಲಲಿಲ್ಲ. ಈಗ ಹದಿನಾಲ್ಕು ಪುಸ್ತಕಗಳಾಗಿವೆ.

ಮಾಮ ಮಸ್ಕತ್ತಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವರು. ಆ ಹೋಟೆಲಿನ ಎದುರೇ ಸಮುದ್ರ. ದಂಡೆಯಲ್ಲಿ ಅತಿಥಿಗಳನ್ನು ನೀರಿನಡಿಗೆ ಕರೆದೊಯ್ಯುವ ಒಂದು ಸಣ್ಣ ಅಂಗಡಿ ಇತ್ತಂತೆ. ರಜೆಯ ದಿನ ಅಲ್ಲಿ ಉಸಿರಾಟದ ಗಾಳಿಯ ಸಿಲಿಂಡರ್ ಹೊರಲು ಜನ ಬೇಕಾಗುತ್ತಿತ್ತು. ಮಾಮ ಹೊತ್ತರು, ಅದಕ್ಕೆ ಪ್ರತಿಯಾಗಿ ಅಂಗಡಿಯವರು ಡೈವಿಂಗ್ ಕಲಿಸಿದರು. ಮೂವತ್ತು ಜನರ ಗದ್ದಲದ ಅಡುಗೆಮನೆಯಿಂದ ಬಂದವನಿಗೆ ನೀರಿನಡಿಯಲ್ಲಿ ತನ್ನ ಉಸಿರು ಮಾತ್ರ ಕೇಳುವುದೇ ದೊಡ್ಡ ಸುಖವಾಗಿತ್ತು ಎಂದು ಅವರು ಹೇಳುತ್ತಿದ್ದರು.

ಒಮ್ಮೆ ಡರ್ಬನ್ನಿನಿಂದ ಬಂದಿದ್ದ ಅತಿಥಿಯೊಬ್ಬ ಅವರಿಗೆ ಒಂದು ಫೋಟೋ ತೋರಿಸಿದ. ಸಮುದ್ರದಡಿಯ ಗುಹೆ. ಅದರೊಳಗೆ ಏಳೆಂಟು ಶಾರ್ಕುಗಳು ನೀರಿನ ನಡುವೆ ತೂಗುಹಾಕಿದಂತೆ ನಿಂತಿವೆ. ಬಾಯಿ ಅರ್ಧ ತೆರೆದಿದೆ, ಹಲ್ಲುಗಳು ಅಡ್ಡಾದಿಡ್ಡಿ ಹೊರಗೆ ಚಾಚಿವೆ. ನೋಡಲು ಭಯಂಕರ, ಸ್ವಭಾವ ಮಾತ್ರ ಮೆತ್ತಗಿನದು. ಅವು ನೀರಿನ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಕೆಳಗೆ ಹೋಗುತ್ತವಂತೆ, ಆ ಗಾಳಿಯ ಬಲದಲ್ಲಿ ಅಲುಗಾಡದೆ ನಿಲ್ಲುತ್ತವಂತೆ. ಇದನ್ನು ಮಾಮ ನನಗೆ ಹೇಳುವಾಗ ತಾವೂ ಒಂದು ಗುಟುಕು ಗಾಳಿ ನುಂಗಿ, ಕೆನ್ನೆ ಉಬ್ಬಿಸಿ, ಎರಡೂ ಕೈ ಬದಿಗೆ ಚಾಚಿ ನಮ್ಮ ಚಾವಡಿಯ ಮಧ್ಯೆ ನಿಂತುಬಿಟ್ಟರು. ನನಗೆ ಆ ಕ್ಷಣದಲ್ಲಿ ಅವರ ಕಾಲು ನೆಲ ಬಿಟ್ಟಂತೆ ಕಂಡಿತ್ತು.

ಮೂರು ವರ್ಷದ ಹಿಂದೆ ಅವರು ಊರಿಗೇ ಬಂದು ಬೆಳ್ತಂಗಡಿಯಲ್ಲಿ ನೆಲೆಸಿದರು. ಕಳೆದ ವರ್ಷ ಜನವರಿಯ ಎರಡನೇ ಭಾನುವಾರ ನಮ್ಮ ಮನೆಗೆ ಬಂದವರು ಊಟ ಮುಗಿಸಿ ಕೈ ಒರೆಸುತ್ತಾ, ಅರುವತ್ತಾಗುವ ಮೊದಲು ಆ ಗುಹೆಯನ್ನು ಒಮ್ಮೆ ನೋಡಬೇಕು ಎಂದರು. ಆಗ ಅವರಿಗೆ ಐವತ್ತೆಂಟು.

"ನಾವಿಬ್ಬರೂ ಹೋಗುವ ಮಗಾ. ನೀನು ಪ್ಲಾನ್ ಮಾಡು. ನನಗೆ ಅಡುಗೆ ಮಾಡಿ ಗೊತ್ತುಂಟು, ಬರೆದು ಗೊತ್ತಿಲ್ಲ."

ಅಮ್ಮ ಪಾತ್ರೆ ಎತ್ತುತ್ತಿದ್ದವರು ಅಲ್ಲೇ ನಿಂತರು. ಶಾರ್ಕಿಗೆ ನಮ್ಮಲ್ಲಿ ತಾಟೆ ಎನ್ನುತ್ತಾರೆ. ಸಣ್ಣದಿದ್ದರೆ ಸಾರು ಮಾಡುತ್ತಾರೆ, ಬಾಣಂತಿಯರಿಗೆ ಒಳ್ಳೆಯದೆಂದು ಹುಡುಕಿ ತರುತ್ತಾರೆ.

"ತಾಟೆ ನೋಡ್ಲಿಕ್ಕೆ ಆಫ್ರಿಕಾಕ್ಕೆ ಯಾಕೆ? ಬೆಳಿಗ್ಗೆ ಬೇಗ ಎದ್ದು ಮಾರ್ಕೆಟಿಗೆ ಹೋದರೆ ಸಾಕು," ಎಂದರು ಅಮ್ಮ.

"ಅಕ್ಕ, ಅಲ್ಲಿರುವುದು ಕಣ್ಣು ಮುಚ್ಚಿದ ತಾಟೆ. ನನಗೆ ಬೇಕಾದ್ದು ನನ್ನನ್ನು ತಿರುಗಿ ನೋಡುವ ತಾಟೆ," ಎಂದರು ಮಾಮ.

ಅಂದೇ ಹೊಸ ಪುಸ್ತಕ ತೆಗೆದೆ. ಕಾಲ, ದಾರಿ, ನೀರು, ದೇಹ ಎಂದು ನಾಲ್ಕು ಭಾಗ ಮಾಡಿದೆ. ನಾನು ಬಂಟ್ವಾಳದ ಒಂದು ಶಾಲೆಯ ಆಫೀಸಿನಲ್ಲಿ ಹಾಜರಿ, ಟಿ.ಸಿ. ನೋಡಿಕೊಳ್ಳುವವಳು. ಗೆರೆ ಎಳೆದು ಕಾಲಂ ಮಾಡುವುದು ನನಗೆ ಬೇರೆಯವರಿಗೆ ಹಾಡು ಗುನುಗಿದ ಹಾಗೆ.

ಕಾಲದ ಪುಟ ತುಂಬಲು ಒಂದು ತಿಂಗಳು ಬೇಕಾಯಿತು. ನಮ್ಮ ಮಳೆಗಾಲ ಅವರಿಗೆ ಚಳಿಗಾಲ. ನಮ್ಮ ದೋಣಿಗಳೆಲ್ಲ ದಡಕ್ಕೆ ಬಂದು ಸಮುದ್ರ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಅಲ್ಲಿ ಬಾಗಿಲು ತೆರೆಯುತ್ತದೆ. ಹಲ್ಲು ಚಾಚಿದ ಆ ಶಾರ್ಕುಗಳು ಡರ್ಬನ್ನಿನ ದಕ್ಷಿಣಕ್ಕೆ, ದಡದಿಂದ ಸ್ವಲ್ಪವೇ ದೂರದ ಒಂದು ಮುಳುಗಿದ ಬಂಡೆಸಾಲಿಗೆ ಬರುವುದು ಸುಮಾರು ಜುಲೈಯಿಂದ ನವೆಂಬರ್ ತನಕ. ನಾನು ಮೊದಲು ಜುಲೈ ಕೊನೆಗೆ ಗುರುತು ಹಾಕಿದ್ದೆ. ಅಮ್ಮ ಕ್ಯಾಲೆಂಡರ್ ನೋಡಿ, ಅದು ಆಟಿ ತಿಂಗಳು, ಆಟಿಯಲ್ಲಿ ಯಾರೂ ದೂರ ಹೊರಡುವುದಿಲ್ಲ ಎಂದರು. ಶಾರ್ಕುಗಳಿಗೆ ಆಟಿ ಇಲ್ಲ ಎಂದು ಮಾಮ ವಾದಿಸಿದರು. ನಮಗುಂಟಲ್ಲ ಎಂದರು ಅಮ್ಮ. ಕೊನೆಗೆ ಸೆಪ್ಟೆಂಬರ್ ಎರಡನೇ ವಾರ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ದಾರಿಯ ಪುಟದಲ್ಲಿ ಮಂಗಳೂರು, ಮುಂಬಯಿ, ಗಲ್ಫಿನ ಒಂದು ನಿಲ್ದಾಣ, ಜೊಹಾನ್ಸ್‌ಬರ್ಗ್, ಡರ್ಬನ್. ಆಮೇಲೆ ಸಮುದ್ರದ ಬದಿಯ ರಸ್ತೆಯಲ್ಲಿ ದಕ್ಷಿಣಕ್ಕೆ ಒಂದು ಸಣ್ಣ ಊರು. ಅಲ್ಲಿ ಜೆಟ್ಟಿ ಇಲ್ಲ. ರಬ್ಬರಿನ ದೋಣಿಯನ್ನು ಮರಳಿನಿಂದಲೇ ನೀರಿಗೆ ತಳ್ಳಿ, ಹಾರಿ ಕುಳಿತು, ತಳದ ಪಟ್ಟಿಗೆ ಕಾಲು ಸಿಕ್ಕಿಸಿಕೊಂಡು, ಹಗ್ಗ ಹಿಡಿದು ಅಲೆಗಳನ್ನು ದಾಟಬೇಕು. ಈ ವಾಕ್ಯವನ್ನು ಮಾಮ ನನ್ನಿಂದ ಎಷ್ಟೋ ಸಲ ಓದಿಸಿದ್ದರು.

ನೀರಿನ ಪುಟದಲ್ಲಿ ನಾನು ಹೆಚ್ಚು ಹೊತ್ತು ಕಳೆದೆ. ಗುಹೆ ಇರುವುದು ಹದಿನೆಂಟು ಮೀಟರ್ ಆಳದಲ್ಲಿ. ಹದಿನೆಂಟು ಮೀಟರ್ ಎಂದರೆ ಒಂದು ಹಳೆಯ ತೆಂಗಿನ ಮರದ ಎತ್ತರ. ಅದು ತಿಳಿದ ದಿನದಿಂದ ಬಂಟ್ವಾಳದ ಓಣಿಗಳಲ್ಲಿ ನಡೆಯುವಾಗ ತೆಂಗಿನ ಗರಿಗಳ ಮಟ್ಟದಲ್ಲಿ ಸಮುದ್ರದ ಮೇಲ್ಮೈ ಇದೆ ಎಂದು ಅಂದುಕೊಳ್ಳತೊಡಗಿದೆ. ಗರಿಗಳು ಅಲುಗಿದರೆ ಅಲೆ. ಕೆಳಗೆ ಅಂಗಡಿಗಳು, ಆಟೋಗಳು, ಮೀನಿನ ಬುಟ್ಟಿ ಹೊತ್ತ ಹೆಂಗಸು, ಎಲ್ಲರೂ ನೀರಿನ ತಳದಲ್ಲಿ ನಿಧಾನವಾಗಿ ಓಡಾಡುತ್ತಿದ್ದಾರೆ. ಮರಗಳ ಕಾಂಡದ ನಡುವೆ, ಮನುಷ್ಯರ ತಲೆಯಿಂದ ಸ್ವಲ್ಪ ಮೇಲೆ, ಬೂದು ಬಣ್ಣದ ಒಂದು ಉದ್ದ ಮೈ ಸದ್ದಿಲ್ಲದೆ ಹಾದುಹೋಗುತ್ತದೆ. ಯಾರೂ ತಲೆ ಎತ್ತುವುದಿಲ್ಲ. ಶಾಲೆಯ ಆಫೀಸಿನ ಕಿಟಕಿಯಿಂದ ಕಾಣುವ ಒಂದು ಮರವಿತ್ತು. ಮಧ್ಯಾಹ್ನ ಟಿಫಿನ್ ಡಬ್ಬ ತೆರೆದು ನಾನು ಅದರ ಬುಡದಲ್ಲಿ ಕುಳಿತು ಮೇಲೆ ನೋಡುತ್ತಿರುವಂತೆ ಅಂದುಕೊಳ್ಳುತ್ತಿದ್ದೆ. ಇಂಥದ್ದಕ್ಕೆ ಕಾಲಂ ಇಲ್ಲದ್ದರಿಂದ ಎಷ್ಟು ಸಲ ಎಂದು ಬರೆದಿಡಲಿಲ್ಲ.

ದೇಹದ ಪುಟಕ್ಕೆ ಮೂಡಬಿದಿರೆ. ಅಲ್ಲೊಂದು ಈಜುಕೊಳ ಇತ್ತು, ನಮ್ಮಿಬ್ಬರಿಗೂ ಹೆಚ್ಚು ಕಡಿಮೆ ಒಂದೇ ದೂರ. ಪ್ರತಿ ಭಾನುವಾರ ಬೆಳಿಗ್ಗೆ ನಾನು ಸಿದ್ದಕಟ್ಟೆಯ ಮೇಲಿಂದ ಬರುವ ಬಸ್ಸಿನಲ್ಲಿ, ಮಾಮ ವೇಣೂರಿನ ಮೇಲಿಂದ. ನಾನು ಏಪ್ರಿಲ್‌ನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವಿಂಗಿನ ಮೊದಲ ಪಾಠ ಮುಗಿಸಿ ಬಂದಿದ್ದೆ. ಆದರೂ ಮಾಮನ ಲೆಕ್ಕದಲ್ಲಿ ನಾನು ಇನ್ನೂ ಬಾವಿಯ ಕಪ್ಪೆ. ಅವರು ನನಗೆ ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿದರು. ನೀರಿನಲ್ಲಿ ಕೈ ಬೀಸುವವರು ಗಲಾಟೆ ಮಾಡುವವರು, ಗಲಾಟೆ ಮಾಡುವವರ ಹತ್ತಿರ ಮೀನು ಬರುವುದಿಲ್ಲ ಎನ್ನುತ್ತಿದ್ದರು.

ಪುಸ್ತಕದಲ್ಲಿ ಪ್ರತಿ ಭಾನುವಾರಕ್ಕೆ ಒಂದು ಸಾಲು. ತಾರೀಕು. ಕೊಳದ ಈ ತುದಿಯಿಂದ ಆ ತುದಿಗೆ ನಾನು ಎಷ್ಟು ಉದ್ದ ಈಜಿದೆ, ಮಾಮ ಎಷ್ಟು. ಉಸಿರು ಹಿಡಿದ ಸೆಕೆಂಡುಗಳು. ಕೊನೆಗೆ 'ಇತರೆ' ಎಂಬ ಒಂದು ಅಗಲದ ಕಾಲಂ, ಎಲ್ಲೂ ಸೇರದ ಸಂಗತಿಗಳಿಗೆ. ಕನ್ನಡಕ ಮರೆತದ್ದು, ಬಸ್ಸು ಕೆಟ್ಟದ್ದು, ಈಜಿದ ಮೇಲೆ ಹೋಟೆಲಿನಲ್ಲಿ ಎಷ್ಟು ಬನ್ಸ್ ತಿಂದೆವು ಎಂಬುದು.

'ಮಾಮನಿಗೆ ಗ್ಯಾಸ್' ಎಂಬುದೂ ಆ ಕಾಲಂನಲ್ಲೇ ಇತ್ತು.

ನಮ್ಮಲ್ಲಿ ಗಂಟಲಿನಿಂದ ಹೊಕ್ಕುಳದವರೆಗೆ ಏನಾದರೂ ಅದಕ್ಕೆ ಗ್ಯಾಸ್ ಎಂದೇ ಹೆಸರು. ಅಮ್ಮನ ಬೆನ್ನುನೋವು ಗ್ಯಾಸ್. ನಮ್ಮ ಶಾಲೆಯ ಹೆಡ್‌ಮಾಸ್ಟರಿಗೆ ಪ್ರಾರ್ಥನೆಯಲ್ಲಿ ತಲೆ ತಿರುಗಿದ್ದು ಗ್ಯಾಸ್. ಯಾರಾದರೂ ಎದೆ ಹಿಡಿದುಕೊಂಡರೆ ಸುತ್ತಲಿನವರು ಮೊದಲು ಕೇಳುವುದು ಬೆಳಿಗ್ಗೆ ಏನು ತಿಂದಿದ್ದೀರಿ ಎಂದು. ಮಾಮ ಈಜುವಾಗ ಗೋಡೆ ಹಿಡಿದು ನಿಂತು, ಎದೆಯ ಮಧ್ಯೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ನಾನು ಏನಾಯಿತು ಎಂದರೆ, "ಗ್ಯಾಸ್ ಮಾರಾಯ್ತಿ, ಈಗ ಹೋಗ್ತದೆ," ಎನ್ನುತ್ತಿದ್ದರು. ಎರಡು ನಿಮಿಷದಲ್ಲಿ ಹೋಗುತ್ತಿತ್ತು ಕೂಡ. ಅತ್ತೆ ಫ್ಲಾಸ್ಕಿನಲ್ಲಿ ಓಮದ ಕಷಾಯ ಕಳಿಸುತ್ತಿದ್ದರು. ಕೊಳದ ಬದಿಯಲ್ಲಿ ಕುಳಿತು ನಾವಿಬ್ಬರೂ ಅದನ್ನು ಹಂಚಿಕೊಂಡು ಕುಡಿಯುತ್ತಿದ್ದೆವು. ನನಗೆ ಆ ರುಚಿ ಇಷ್ಟವಾಗತೊಡಗಿತ್ತು.

ಜುಲೈಯ ಮೊದಲ ಭಾನುವಾರ ಜೋರು ಮಳೆ. ಈಜುಕೊಳಕ್ಕೆ ಹೋಗದೆ ನಾನು ನೇರ ಬೆಳ್ತಂಗಡಿಗೆ ಹೋದೆ. ಡೈವಿಂಗಿಗೆ ಕರೆದೊಯ್ಯುವವರು ಕಳಿಸಿದ್ದ ಆರೋಗ್ಯದ ಫಾರ್ಮ್ ತುಂಬಬೇಕಿತ್ತು. ಮಾಮ ಆ ದಿನ ಕೋಳಿ ಸುಕ್ಕ, ನೀರುದೋಸೆ ಮಾಡಿದ್ದರು. ಹನ್ನೆರಡು ದೋಸೆ ತಿಂದರು, ನಾನು ಎಣಿಸಿದ್ದೆ. ಊಟದ ನಂತರ ಜಗಲಿಯಲ್ಲಿ ಕುಳಿತು ನಾನು ಪ್ರಶ್ನೆಗಳನ್ನು ಓದುತ್ತಾ ಹೋದೆ, ಅವರು ಇಲ್ಲ, ಇಲ್ಲ ಎನ್ನುತ್ತಾ ಹೋದರು. ಉಬ್ಬಸ ಇಲ್ಲ. ಮೂರ್ಛೆ ಇಲ್ಲ. ಕಿವಿಯ ಆಪರೇಷನ್ ಇಲ್ಲ. ಹತ್ತುವಾಗ, ಓಡುವಾಗ, ಈಜುವಾಗ ಎದೆಯಲ್ಲಿ ನೋವು ಅಥವಾ ಬಿಗಿತ ಬರುತ್ತದೆಯೇ ಎಂಬ ಪ್ರಶ್ನೆಗೂ ಇಲ್ಲ ಎಂದರು. ಅದು ಸುಳ್ಳು ಹೇಳಿದ ಧ್ವನಿಯಲ್ಲ. ಅವರಿಗೆ ಬರುತ್ತಿದ್ದದ್ದು ಗ್ಯಾಸ್ ತಾನೆ. ನಾನೂ ಇಲ್ಲ ಎಂಬಲ್ಲಿ ಗುರುತು ಹಾಕಿದೆ.

ಸಂಜೆ ನಾಲ್ಕರ ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಗಳಿಗೆಲ್ಲ ಟರ್ಪಾಲು ಇಳಿಸಿದ್ದರು. ಒಳಗೆ ಹಸಿರು ಕತ್ತಲು. ನೀರಿನಡಿಯಲ್ಲೇ ಹೋಗುತ್ತಿರುವ ಹಾಗಿತ್ತು. ಅಂದಿನ ಸಾಲು ಬರೆಯಲು ಪುಸ್ತಕ ತೆರೆದು 'ಇತರೆ'ಯಲ್ಲಿ ಹನ್ನೆರಡು ದೋಸೆ ಎಂದು ಬರೆದೆ. ಬರೆದ ಮೇಲೆ ಕೈ ನಿಂತಿತು. ಹನ್ನೆರಡು ದೋಸೆ, ಅಷ್ಟು ಖಾರದ ಸುಕ್ಕ, ಆದರೂ ಗ್ಯಾಸ್ ಇಲ್ಲ.

ಹಿಂದಿನ ಪುಟಗಳಿಗೆ ಹೋದೆ. ಬಸ್ಸು ಪುಂಜಾಲಕಟ್ಟೆ ದಾಟುವ ತನಕ ಓದಿದೆ. ಆಮೇಲೆ ಕೊನೆಯ ಹಾಳೆಯಲ್ಲಿ ಎರಡು ಕಾಲಂ ಎಳೆದೆ. ಒಂದರಲ್ಲಿ ಮಾಮ ಹೊಟ್ಟೆ ತುಂಬ ತಿಂದ ದಿನಗಳು: ಮದುವೆಯೂಟ, ನಮ್ಮ ಮನೆಯ ಕೋರಿರೊಟ್ಟಿ, ಇಂದಿನದು, ಒಟ್ಟು ಆರು. ಇನ್ನೊಂದರಲ್ಲಿ ಗ್ಯಾಸ್ ಎಂದು ಬರೆದ ದಿನಗಳು, ಹನ್ನೊಂದು. ಒಂದು ತಾರೀಕೂ ಎರಡೂ ಕಡೆ ಇರಲಿಲ್ಲ. ಹನ್ನೊಂದರಲ್ಲಿ ಒಂಬತ್ತು ಈಜುವಾಗ, ಎರಡು ಬಸ್‌ಸ್ಟ್ಯಾಂಡಿನ ಏರು ಹತ್ತುವಾಗ. ಫೆಬ್ರವರಿಯಲ್ಲಿ ಆರನೇ ಉದ್ದಕ್ಕೆ ಬರುತ್ತಿದ್ದದ್ದು ಜೂನಿನಲ್ಲಿ ಮೂರನೆಯದಕ್ಕೇ ಬಂದಿತ್ತು. ಎಲ್ಲವೂ ನನ್ನದೇ ಅಕ್ಷರ, ದುಂಡಗೆ, ಒಂದೇ ಅಳತೆಯಲ್ಲಿ. ಐದು ತಿಂಗಳು ನಾನೇ ಬರೆದಿದ್ದೆ, ಒಮ್ಮೆಯೂ ಓದಿರಲಿಲ್ಲ.

ಬಂಟ್ವಾಳದಲ್ಲಿ ಇಳಿಯಬೇಕಾದವಳು ಇಳಿಯುವುದನ್ನು ಮರೆತು ಎರಡು ಸ್ಟಾಪ್ ಮುಂದೆ ಹೋದೆ.

ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಅಮ್ಮ ಅಳುತ್ತಾರೆ, ಅಮ್ಮ ಅತ್ತರೆ ಮಾಮ ನಗಿಸಿ ವಿಷಯ ಮುಗಿಸಿಬಿಡುತ್ತಾರೆ. ಅವತ್ತೇ ಮಾಮನಿಗೆ ಫೋನ್ ಮಾಡಿ ನಾಳೆ ಮೂಡಬಿದಿರೆಗೆ ಬರಬೇಕು, ಈಜುವ ಬಟ್ಟೆ ತರಬೇಡಿ ಎಂದೆ. ಸೋಮವಾರ ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಕೊಳದ ಪಕ್ಕದ ಬೆಂಚಿನಲ್ಲಿ ಕೂರಿಸಿ ಕೊನೆಯ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಬೆರಳಿಟ್ಟು ಒಂದೊಂದೇ ತಾರೀಕು ಓದಿದರು. ಫ್ಲಾಸ್ಕು ಇಬ್ಬರ ನಡುವೆ ಇತ್ತು, ಯಾರೂ ಮುಚ್ಚಳ ತೆರೆಯಲಿಲ್ಲ.

"ಹನ್ನೊಂದೂ ಹೌದಾ?" ಎಂದರು.

"ಹೌದು ಮಾಮ."

"ಯಾರಿಗೆ ಹೇಳಿದ್ದಿ?"

"ಯಾರಿಗೂ ಇಲ್ಲ."

ಅವರು ಪುಸ್ತಕ ಮುಚ್ಚಿ ನನ್ನ ಮಡಿಲಲ್ಲಿಟ್ಟರು. "ಹಾಗಾದ್ರೆ ಹೇಳ್ಬೇಡ. ಸೆಪ್ಟೆಂಬರಿಗೆ ಎರಡು ತಿಂಗಳುಂಟು. ಹೋಗಿ ಬರುವ. ಬಂದ ಮೇಲೆ ನೀನು ಹೇಳಿದ ಡಾಕ್ಟ್ರಲ್ಲಿಗೆ ಬರ್ತೇನೆ, ಎಷ್ಟು ಸೂಜಿ ಬೇಕಾದರೂ ಚುಚ್ಚಲಿ."

ನಾನು ಆಗುವುದಿಲ್ಲ ಎಂದೆ.

"ಮಗಾ, ಇಪ್ಪತ್ತು ವರ್ಷ ಆಯ್ತು ಆ ಫೋಟೋ ನೋಡಿ. ಈಗ ಡಾಕ್ಟ್ರ ಹತ್ತಿರ ಹೋದರೆ ಅವರು ಬೇಡ ಅಂತಲೇ ಹೇಳೋದು. ಹೋಗದಿದ್ದರೆ ಯಾರೂ ಬೇಡ ಅಂದ ಹಾಗಾಗುವುದಿಲ್ಲ."

ಅವರು ಬೇಡುತ್ತಿದ್ದರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನದಿ ತೋರಿಸಿದವರು, ನನ್ನ ಕಣ್ಣನ್ನೇ ನೋಡುತ್ತಾ ಕೇಳುತ್ತಿದ್ದರು. ಅವರ ಆಸೆ ಎಷ್ಟು ದೊಡ್ಡದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ನಾಲ್ಕು ಭಾಗ ಮಾಡಿ ಬರೆದಿಟ್ಟವಳು ನಾನೇ. ಹದಿನೆಂಟು ಮೀಟರ್ ಕೆಳಗೆ, ಕೈ ಹಿಡಿಯಲು ಗೋಡೆಯೂ ಇಲ್ಲದ ಕಡೆ ಅವರು ಎದೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುವುದು ನನಗೆ ಆ ಬೆಂಚಿನಿಂದಲೇ ಕಂಡಿತು.

"ಡಾಕ್ಟ್ರು ನೋಡದೆ ನಾನು ಟಿಕೆಟ್ ಮಾಡುವುದಿಲ್ಲ. ಫಾರ್ಮಿನಲ್ಲಿ ಹೌದು ಅಂತ ತಿದ್ದುತ್ತೇನೆ," ಎಂದೆ.

ಅವರು ಎದ್ದು ಫ್ಲಾಸ್ಕು ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಏರಿನಲ್ಲಿ ನಿಧಾನವಾಗಿ, ಎರಡು ಕಡೆ ನಿಂತು ಹೋದರು. ತಿರುಗಿ ನೋಡಲಿಲ್ಲ.

ಒಂಬತ್ತು ದಿನ ಅವರ ಫೋನ್ ಬರಲಿಲ್ಲ. ಆ ದಿನಗಳ ಪುಟಗಳಲ್ಲಿ ತಾರೀಕು, ಮಳೆ, ಶಾಲೆಯ ಹಾಜರಿ ಬಿಟ್ಟರೆ ಬೇರೆ ಇಲ್ಲ. ನಾನು ಮಾಡಿದ್ದು ಸರಿಯೆಂದು ಗೊತ್ತಿದ್ದೂ ಅತ್ತೆಗೆ ಹೇಳಿಬಿಡಬೇಕೇ ಎಂದು ದಿನಾ ಫೋನ್ ಕೈಗೆತ್ತಿಕೊಂಡು ಇಡುತ್ತಿದ್ದೆ. ಹತ್ತನೇ ದಿನಕ್ಕೆ ಹೇಳುವುದೆಂದು ನನಗೆ ನಾನೇ ಗಡುವು ಹಾಕಿಕೊಂಡಿದ್ದೆ. ಹತ್ತನೇ ದಿನ, ಗುರುವಾರ, ಬೆಳಿಗ್ಗೆ ಎಂಟೂವರೆಗೆ ಅವರೇ ಕರೆದರು. ಮೂಡಬಿದಿರೆಯ ಒಬ್ಬ ಡಾಕ್ಟರ ಹೊರಗೆ ಕುಳಿತಿದ್ದೇನೆ, ಆ ಪುಸ್ತಕ ತೆಗೆದುಕೊಂಡು ಬಾ ಎಂದರು. ಹಿಂದಿನ ದಿನ ಮನೆಯ ಬಾವಿಯಿಂದ ಒಂದು ಕೊಡ ನೀರು ಸೇದುವಾಗಲೂ ಅದೇ ನೋವು ಬಂದಿತ್ತಂತೆ. ಆಗ ಬೆಳಿಗ್ಗಿನಿಂದ ಏನೂ ತಿಂದಿರಲಿಲ್ಲವಂತೆ, ಗ್ಯಾಸ್ ಎನ್ನುವಂತಿರಲಿಲ್ಲ.

ಡಾಕ್ಟರು ಅವರನ್ನು ಕೇಳಿದ್ದಕ್ಕಿಂತ ಹೆಚ್ಚು ನನ್ನ ಕೊನೆಯ ಹಾಳೆಯನ್ನು ನೋಡಿದರು. ಎರಡು ಸಲ ಮೇಲಿಂದ ಕೆಳಗೆ ಓದಿ, ಇಂಥ ಪೇಷಂಟ್ ಹಿಸ್ಟರಿ ತನಗೆ ಯಾರೂ ತಂದುಕೊಟ್ಟಿಲ್ಲ ಎಂದರು.

"ಇವಳು ನಾನು ತಿಂದ ದೋಸೆಯನ್ನೂ ಎಣಿಸ್ತಾಳೆ ಡಾಕ್ಟ್ರೇ," ಎಂದರು ಮಾಮ. ಅದು ಒಂಬತ್ತು ದಿನಗಳ ನಂತರ ಅವರು ನನ್ನ ಬಗ್ಗೆ ಆಡಿದ ಮೊದಲ ಮಾತು.

ಅಲ್ಲಿಂದಲೇ ಮಂಗಳೂರಿಗೆ ಕಳಿಸಿದರು. ಎರಡು ಕಡೆ ರಕ್ತನಾಳ ಕಟ್ಟಿಕೊಂಡಿತ್ತು; ಒಂದು ಬಹುತೇಕ ಪೂರ್ತಿ. ಎರಡು ಸ್ಟೆಂಟ್ ಹಾಕಿದರು. ನಾಲ್ಕನೇ ದಿನ ಮನೆಗೆ ಬಂದರು. ಅಮ್ಮ ಅಳಬೇಕಾದದ್ದನ್ನೆಲ್ಲ ಆಸ್ಪತ್ರೆಯ ಹೊರಗೆ ಅತ್ತು ಮುಗಿಸಿ, ಒಳಗೆ ಬಂದು ತಮ್ಮನಿಗೆ ಬೈದರು.

ಸಿಲಿಂಡರ್ ಹೊತ್ತು ಕೆಳಗೆ ಹೋಗುವುದನ್ನು ಮರೆತುಬಿಡಿ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದು ಆಗಸ್ಟಿನಲ್ಲಿ. ನಡೆಯಿರಿ, ಈಜುವುದನ್ನು ಆರು ತಿಂಗಳಾದ ಮೇಲೆ ನೋಡುವ ಎಂದರು. ಮಾಮ ಸರಿ ಎಂದರು. ಹೊರಗೆ ಬಂದ ಮೇಲೆ ಚಪ್ಪಲಿ ಹಾಕಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡರು.

ಸೆಪ್ಟೆಂಬರ್ ಎರಡನೇ ವಾರ ಬಂತು, ಹೋಯಿತು. ಅಲ್ಲಿ ಗುಹೆಯಲ್ಲಿ ಅವು ತೂಗುತ್ತಿರುತ್ತವೆ ಎಂದು ನಾನು ಅಂದುಕೊಂಡೆ. ಆ ವಾರ ಪ್ರತಿದಿನ ಅಲ್ಲಿನ ಗಾಳಿ, ಅಲೆ, ನೀರು ಎಷ್ಟು ತಿಳಿಯಾಗಿದೆ ಎಂಬುದನ್ನು ಮೊಬೈಲಿನಲ್ಲಿ ನೋಡಿ ಬರೆದಿಟ್ಟೆ. ಯಾಕೆಂದು ನನಗೇ ಗೊತ್ತಿರಲಿಲ್ಲ. ಮಾಮನಿಗೆ ತೋರಿಸಲಿಲ್ಲ. ಅವರು ದಿನಾ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ನಡೆಯುತ್ತಿದ್ದರು, ನಡೆದದ್ದೆಷ್ಟು ಎಂದು ನನಗೆ ಫೋನಿನಲ್ಲಿ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಶಾರ್ಕ್ ಎಂಬ ಮಾತು ನಾಲ್ಕು ತಿಂಗಳು ನಮ್ಮಿಬ್ಬರ ನಡುವೆ ಬರಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ನಡಿಗೆಯ ಲೆಕ್ಕ ಹೇಳಿ ಮುಗಿಸಿದ ಮೇಲೂ ಅವರು ಫೋನ್ ಇಡಲಿಲ್ಲ. ಅದೇ ಬಂಡೆಸಾಲಿನಲ್ಲಿ ಇನ್ನೊಂದು ಜಾತಿ ಇದೆಯಂತೆ, ರೆಕ್ಕೆಯ ತುದಿ ಕಪ್ಪಗಿರುವುದು, ಅವು ಗುಹೆಯಲ್ಲಿರುವುದಿಲ್ಲವಂತೆ, ದೋಣಿಯ ಹತ್ತಿರ ನೀರಿನ ಮೇಲ್ಭಾಗಕ್ಕೇ ಬರುತ್ತವಂತೆ ಎಂದರು. ಮುಖಕ್ಕೆ ಗಾಜು ಕಟ್ಟಿ, ಬಾಯಲ್ಲಿ ಕೊಳವೆ ಇಟ್ಟುಕೊಂಡು ತೇಲುತ್ತಲೇ ನೋಡಬಹುದಂತೆ. ಇಷ್ಟು ದಿನ ನನಗೆ ಹೇಳದೆ ಅವರೂ ಹುಡುಕುತ್ತಿದ್ದರೆಂದು ಆಗ ತಿಳಿಯಿತು.

"ಗುಹೆಗೆ ನೀನು ಹೋಗು. ನಾನು ಮೇಲಿಂದ ನೋಡುವವ. ಡಾಕ್ಟ್ರನ್ನು ಕೇಳಿಯೇ ಹೋಗುವ," ಎಂದರು. "ನೀನೇ ಕೇಳು. ನಾನು ಕೇಳಿದರೆ ಅವರಿಗೆ ಸಂಶಯ ಬರ್ತದೆ," ಎಂದು ಸೇರಿಸಿದರು.

ನಾನು ಕೇಳಿದೆ. ಡಾಕ್ಟರು ಟ್ರೆಡ್‌ಮಿಲ್ ಮೇಲೆ ಅವರನ್ನು ಓಡಿಸಿ ನೋಡಿ, ತೇಲುವುದಕ್ಕೆ ಅಡ್ಡಿಯಿಲ್ಲ, ಅಲೆ ದಾಟುವ ದೋಣಿಯ ಬಗ್ಗೆ ಇನ್ನೂ ಆರು ತಿಂಗಳಾದ ಮೇಲೆ ಹೇಳುತ್ತೇನೆ ಎಂದರು. ಒಪ್ಪದಿರಬಹುದು ಎಂದೂ ಹೇಳಿದರು. ಅದನ್ನೂ ಬರೆದುಕೊಂಡಿದ್ದೇನೆ.

ಫೆಬ್ರವರಿಯ ಮೂರನೇ ಭಾನುವಾರ ಏಳು ತಿಂಗಳ ನಂತರ ಮಾಮ ಮತ್ತೆ ಕೊಳಕ್ಕೆ ಇಳಿದರು. ಅಮ್ಮ, ಅತ್ತೆ ಇಬ್ಬರೂ ಬಂದು ಬೆಂಚಿನಲ್ಲಿ ಕುಳಿತಿದ್ದರು. ಮಾಮ ಈಜಲಿಲ್ಲ. ಗಾಜು ಕಟ್ಟಿ, ಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ ಕೈ ಬದಿಗೆ ಚಾಚಿ ಸುಮ್ಮನೆ ತೇಲಿದರು. ನಾನು ಉಸಿರು ಹಿಡಿದು ತಳಕ್ಕೆ ಹೋಗಿ ಬೆನ್ನ ಮೇಲೆ ಮಲಗಿದೆ. ಮೇಲೆ ಬಿಸಿಲಿನ ಹಾಳೆ ಅಲುಗಾಡುತ್ತಿತ್ತು. ಅದರ ನಡುವೆ ಅವರ ಕಪ್ಪು ಆಕಾರ. ಬೆರಳು ಕೂಡ ಆಡುತ್ತಿರಲಿಲ್ಲ. ಗಾಜಿನ ಹಿಂದೆ ಎರಡು ಕಣ್ಣು ಪೂರ್ತಿ ತೆರೆದಿದ್ದವು, ನಾನು ಎಲ್ಲಿಗೆ ಸರಿದರೂ ಅಲ್ಲಿಗೆ ತಿರುಗುತ್ತಿದ್ದವು. ಸೆಕೆಂಡು ಎಣಿಸುವುದು ಮರೆತುಹೋಯಿತು.